ಟಾರ್ಚಿಗೆ ಭಾವನ ನಂಬರ್ ಎಂತಕ್ಕೆ?

ಉಜಿರೆ ಪೇಟೆಯ ಮೊಬೈಲ್ ಅಂಗಡಿ. ಹೊರಗೆ ಜೋರು ಮಳೆ. ಭಟ್ರು ಪ್ಲಾಸ್ಟಿಕ್ ತೊಟ್ಟೆ ಬಿಚ್ಚಿ ಫೋನ್ ತೆಗೆದರು.

“ಜಾಗ ಇಲ್ಲ ಹೇಳ್ತದೆ ಮಾರಾಯ. ನಾನು ಹಾಕಿದ್ದು ಮೊಮ್ಮಗಳ ನಾಲ್ಕು ಫೋಟೋ, ಒಂದು ಯಕ್ಷಗಾನ.”

“ಕಂಪೆನಿಯವರೇ ಹಾಕಿ ಕಳಿಸಿದ ಆ್ಯಪ್ ಉಂಟಲ್ಲ ಭಟ್ರೇ, ಅದೇ ತುಂಬಿದ್ದು.”

“ತೆಗೆ.”

“ತೆಗೀಲಿಕ್ಕೆ ಆಗುದಿಲ್ಲ.”

“ಮನೆ ನನ್ನದು, ಒಕ್ಕಲು ಅವರದ್ದಾ? ಭೂಮಸೂದೆಯಲ್ಲಿ ಅಪ್ಪನ ಗದ್ದೆ ಹೋದಾಗಲೂ ಡಿಕ್ಲರೇಶನ್ ಹಾಕಿ, ನೋಟಿಸ್ ಕೊಟ್ಟೇ ತಕ್ಕೊಂಡದ್ದು!”

“ತೆಗೀಲಿಕ್ಕಾಗದ ಆ್ಯಪ್ ತುಂಬಿಸಿದ್ದೂ ಸೇರಿ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 2022ರಲ್ಲಿ ಸ್ಪರ್ಧಾ ಆಯೋಗ 1,337.76 ಕೋಟಿ ದಂಡ ಹಾಕಿದೆ.”

“ಅದರಲ್ಲಿ ನನ್ನ ಪಾಲು?”

“ಎಲ್ಲ ಸರ್ಕಾರಕ್ಕೆ.”

“ಬೊಂಡ ನನ್ನ ತೋಟದ್ದು, ಕುಡಿದದ್ದು ಮಂಗ, ದಂಡ ಪಟೇಲರಿಗೆ! ಇರ್ಲಿ, ಕತ್ತಲಾಯ್ತು. ಒಂದು ಟಾರ್ಚ್ ಆ್ಯಪಾದ್ರೂ ಹಾಕು.”

“ಕಾಂಟ್ಯಾಕ್ಟ್ ಕೇಳ್ತದೆ. ‘ಅಲೌ’ ಒತ್ತಿ.”

“ಬೆಳಕು ಬಿಡ್ಲಿಕ್ಕೆ ನನ್ನ ಭಾವನ ನಂಬರ್ ಎಂತಕ್ಕೆ?”

“ಎಲ್ಲರೂ ಒತ್ತುದೇ ಭಟ್ರೇ. ಯಾರೂ ಓದುದಿಲ್ಲ.”

(ಚಾರ್ಜರಿಗೆ ಕಾಯುತ್ತಿದ್ದ ನಾನು ಈಗ ನೆಲ ನೋಡಿದೆ. ನಾನೂ ಓದಿದವನಲ್ಲ.)

“ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟುವ ಕೀಲಿಮಣೆ ಮಾಡಿದ್ದು ನಮ್ಮ ಕಿನ್ನಿಕಂಬಳದ ಕೆ.ಪಿ. ರಾಯರು. ಅವರು ಯಾರ ಭಾವನನ್ನೂ ಕೇಳಲಿಲ್ಲ ಮಾರಾಯ.”

“ಅದಕ್ಕೇ ಅವರು ದೊಡ್ಡ ಕಂಪೆನಿ ಆಗಲಿಲ್ಲ.”

ಭಟ್ರು ಫೋನನ್ನು ಮತ್ತೆ ತೊಟ್ಟೆಗೆ ಹಾಕಿ, ಎದುರಿನ ಅಂಗಡಿಯಲ್ಲಿ ಎರಡು ಸೆಲ್ಲಿನ ಟಾರ್ಚ್ ಕೊಂಡು, ಧರ್ಮಸ್ಥಳದ ಬಸ್ ಹತ್ತಿದರು.