ಮಷಿನ್ ಹ್ಯಾಂಗದ್ರೀ?

ಭಾಲ್ಕಿ ತಾಲೂಕಿನ ನಮ್ಮ ಭಾತಂಬ್ರಾದಲ್ಲಿ ಹೊಲಿಗೆ ಮಷಿನ್ ಕೊಳ್ಳುವವರಿಗೆ ಸಲಹೆಗಾರರ ಬರವಿಲ್ಲ. ಮಷಿನ್ ಮೇಲೆ ಮಡಚಿದ ಬಟ್ಟೆ ಪೇರಿಸಿಟ್ಟ ಪಕ್ಕದ ಮನೆಯಾಕೆ, "ಒಂದ್ ದಿನಾನೂ ತಕರಾರು ಮಾಡಿಲ್ಲ ನೋಡಕ್ಕಾ" ಅನ್ನುತ್ತಾಳೆ. ತುಳಿದರೆ ತಾನೇ ತಕರಾರು! ಟೇಲರನ ಉತ್ತರ: "ನಾ ಇಲ್ಲೇನ್ರಿ, ನಿಮಗ್ಯಾಕ ಮಷಿನ್?" ಯಂತ್ರಗಳನ್ನು ಟೀಕಿಸುತ್ತಿದ್ದ ಗಾಂಧೀಜಿ 1924ರಲ್ಲಿ ಸಿಂಗರ್ ಮಷಿನ್‌ಗೆ ವಿನಾಯಿತಿ ಕೊಟ್ಟರು, ಆದರೆ ಅಡಿದಾರದ ಬಾಬಿನ್ ಕಾಟದ ವಿಚಾರ ಅವರೂ ಎತ್ತಲಿಲ್ಲ.

ನನಗೆ ನಂಬಿಕೆ ರಿಪೇರಿಯವನ ಮೇಲೆ. ಯಾವುದು ಛಲೋ ಅಂತ ಕೇಳಬಾರದು, ಯಾವುದರ ಸಾಮಾನು ಭಾಲ್ಕಿಯಲ್ಲೇ ಸಿಗುತ್ತದೆ ಅಂತ ಕೇಳಬೇಕು. ಆಮೇಲೆ ಹಳೇ ಜೀನ್ಸ್ ತುಂಡು ಒಯ್ದು ನಾಲ್ಕು ಮಡಿಕೆ ಹೊಲಿದು, ತಿರುವಿ ನೋಡಬೇಕು. ಅಡಿಯಲ್ಲಿ ದಾರ ಗಂಟುಗಂಟಾಗಿದ್ದರೆ ಅಂಗಡಿಯವ ತಕ್ಷಣ ಹೇಳುತ್ತಾನೆ:

"ಮಷಿನ್ ಒಂದ್ ನಂಬರ್ ಅದರೀ. ನಿಮ್ ಜೀನ್ಸೇ ಸರಿ ಇಲ್ಲ."