ಚೀಟಿಶಾಸ್ತ್ರ ಪ್ರವೇಶಿಕೆ, ಭಾಷ್ಯಸಹಿತ

ಯಾವ ಶಾಸ್ತ್ರಕ್ಕೂ ಮೊದಲು ನಾಲ್ಕು ಸಂಗತಿ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಚುನಾವಣೆಯ ಗೊಡವೆಯಿಲ್ಲದೆ ಚೀಟಿ ಎತ್ತಿ ಆಳುವವರನ್ನು ಗೊತ್ತುಮಾಡುವುದು. ಅಧಿಕಾರಿ, ಎಂದರೆ ಇದನ್ನು ಓದಲು ಯೋಗ್ಯ: ಒಮ್ಮೆ ಮತ ಹಾಕಿ ಐದು ವರ್ಷ ಹಣೆ ಚಚ್ಚಿಕೊಂಡವನು. ಪ್ರಯೋಜನ: ಬೆಳ್ಳಂಬೆಳಗ್ಗೆ ಬೀದಿಗೆ ಬರುವ ಪ್ರಚಾರದ ಆಟೋದಿಂದ ಮೋಕ್ಷ. ನಾಲ್ಕನೆಯದಾದ ಸಂಬಂಧವೇ ತೊಡಕಿನದು. ಸಂಬಂಧಿಕರು ಬಂದ ಮೇಲೆ ಅದನ್ನು ವಿಚಾರಿಸಿಕೊಳ್ಳೋಣ.

ಇಲ್ಲಿ ಪೂರ್ವಪಕ್ಷಿಯ ಆಕ್ಷೇಪ: ಕಣ್ಣಿಲ್ಲದ ಚೀಟಿಯ ಕೈಗೆ ನಾಡನ್ನು ಕೊಡುವುದೆ? ಸಮಾಧಾನ: ಕಾಯಿದೆ ಆಗಲೇ ಕೊಟ್ಟಾಗಿದೆ. ಸಮ ಮತ ಬಂದರೆ ಚೀಟಿ ಎತ್ತಬೇಕು, ಚೀಟಿ ಬಿದ್ದವರಿಗೆ ಒಂದು ಮತ ಹೆಚ್ಚು ಬಂದಂತೆ ಎಣಿಸಬೇಕು ಎನ್ನುತ್ತದೆ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 65ನೇ ಕಲಂ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಗೆದ್ದದ್ದು ಒಂದೇ ಒಂದು ಮತದಿಂದ. ಸೋತವರ ಕಡೆಯ ಇನ್ನೊಬ್ಬ ಚಪ್ಪಲಿ ಮೆಟ್ಟಿ ಮತಗಟ್ಟೆಗೆ ಹೊರಟಿದ್ದರೆ ಶಾಸಕರನ್ನು ಚೀಟಿಯೇ ಆರಿಸಬೇಕಿತ್ತು. ಮಗಳ ಮದುವೆಗೂ ಬೋರ್‌ವೆಲ್ ಜಾಗಕ್ಕೂ ದೇವರಲ್ಲಿ ಹೂ ಕೇಳುವ ನಮಗೆ, ಅದೂ ಸರ್ಕಾರದ ಕೆಲಸ ದೇವರ ಕೆಲಸವೆಂದು ವಿಧಾನಸೌಧದ ಮೇಲೇ ಬರೆಸಿಕೊಂಡಿರುವಾಗ, ಈ ಒಂದು ವಿಷಯದಲ್ಲಿ ಮಾತ್ರ ಏಕೆ ವಿಚಾರವಾದ?

ಪುರಾತನ ಅಥೆನ್ಸಿನವರು 500 ಮಂದಿಯ ಸಭೆಯನ್ನು ಚೀಟಿಯಿಂದಲೇ ತುಂಬುತ್ತಿದ್ದರು. ಸೇನಾಪತಿಗಳಿಗೆ ಮಾತ್ರ ಚುನಾವಣೆ. ತಪ್ಪಿದರೆ ತಮ್ಮ ತಲೆಯೇ ಹೋಗುವ ಕೆಲಸಕ್ಕೆ ಯೋಗ್ಯತೆ ನೋಡುತ್ತಿದ್ದರೆಂದು ಭಾಷ್ಯಕಾರನ ಊಹೆ.

ಆದರೆ ನಮ್ಮ ಶಾಸ್ತ್ರಕ್ಕೆ ಪರಮಪ್ರಮಾಣ ಕಾಂಚೀಪುರದ ಬಳಿಯ ಉತ್ತರಮೇರೂರು. ಚೋಳ ಪರಾಂತಕನ ಕಾಲದ 919 ಮತ್ತು 921ರ ಶಾಸನಗಳು ಅಲ್ಲಿನ ಗುಡಿಯ ಗೋಡೆಯ ಮೇಲಿವೆ. (ಎರಡೇ ವರ್ಷಕ್ಕೆ ತಿದ್ದುಪಡಿ ಬೇಕಾಯಿತು ಎಂಬುದನ್ನು ಗಮನಿಸಿ, ಪ್ರಜಾಪ್ರಭುತ್ವ ಎಷ್ಟು ಹಳೆಯದೋ ತಿದ್ದುಪಡಿಯೂ ಅಷ್ಟೇ ಹಳೆಯದು.) ಊರಿನಲ್ಲಿ 30 ವಾರ್ಡು. ಓಲೆಗರಿಯ ಮೇಲೆ ಹೆಸರು ಬರೆದು, ವಾರ್ಡಿಗೊಂದು ಕಟ್ಟು ಕಟ್ಟಿ, ಕೊಡಕ್ಕೆ ಹಾಕಬೇಕು. ತುಂಬಿದ ಸಭೆಯಲ್ಲಿ ಅರ್ಚಕರ ಪೈಕಿ ಹಿರಿಯರು ಎಲ್ಲರಿಗೂ ಕಾಣುವಂತೆ ಕೊಡ ಎತ್ತಿ ಹಿಡಿಯಬೇಕು. ಒಳಗೇನಿದೆಯೆಂದು ಅರಿಯದ ಹುಡುಗ ಒಂದು ಕಟ್ಟು ತೆಗೆಯಬೇಕು. ಅದನ್ನು ಬಿಚ್ಚಿ ಇನ್ನೊಂದು ಕೊಡದಲ್ಲಿ ಕುಲುಕಿದ ಮೇಲೆ ಒಂದು ಓಲೆ ಎತ್ತಬೇಕು. ಅದನ್ನು ಪಡೆಯುವ ಮಧ್ಯಸ್ಥ ಐದೂ ಬೆರಳು ಬಿಡಿಸಿದ ಅಂಗೈಯನ್ನೇ ಒಡ್ಡಬೇಕು! ಬೆರಳ ಸಂದಿಯ ಸಾಮರ್ಥ್ಯವನ್ನು ಸಾವಿರ ವರ್ಷದ ಹಿಂದೆಯೇ ಬಲ್ಲವರು ಬರೆಸಿದ ನಿಯಮ ಇದು.

ಈಗ ಸಂಬಂಧಪ್ರಕರಣ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಕೊಡಕ್ಕೆ ಬೀಳುವಂತಿಲ್ಲ. ಅವನದಷ್ಟೇ ಅಲ್ಲ, ಅವನ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು, ಸೋದರತ್ತೆಯ ಮಕ್ಕಳು, ಸೋದರಮಾವ, ಹೆಣ್ಣು ಕೊಟ್ಟ ಮಾವ, ಭಾವಮೈದುನ, ಅಳಿಯ, ಯಾರದೂ ಕೂಡದು. ಈ ಸೂತ್ರವನ್ನು ನಮ್ಮ ಯಾವುದೇ ತಾಲ್ಲೂಕಿಗೆ ಹಚ್ಚಿದರೆ ಕೊಡದಲ್ಲಿ ಗಾಳಿಯಷ್ಟೇ ಉಳಿದೀತು. ಇನ್ನೂ ಇದೆ. ಅಭ್ಯರ್ಥಿಗೆ ವಯಸ್ಸು 35ರಿಂದ 70ರೊಳಗೆ, ತೆರಿಗೆ ಕಟ್ಟುವ ಸ್ವಂತ ಭೂಮಿ, ಸ್ವಂತ ಮನೆ, ವೇದದ ಓದು. ಹೆಂಗಸಿಗಾಗಲಿ ಆ ಭೂಮಿಯನ್ನು ಉಳುತ್ತಿದ್ದವನಿಗಾಗಲಿ ಓಲೆಯೇ ಇಲ್ಲ. ಕೊಡ ಕುರುಡೇನೋ ಹೌದು. ತುಂಬುವವರು ಎರಡೂ ಕಣ್ಣು ನೆಟ್ಟಗೆ ಬಿಟ್ಟುಕೊಂಡೇ ತುಂಬಿದ್ದರು.

ಶಾಸ್ತ್ರದ ಜೀವ ಇರುವುದು ಹುಡುಗನಲ್ಲಿ. ಚುನಾವಣೆ ಹೋಗಿ ಚೀಟಿ ಬಂದರೆ ಶಾಸಕರನ್ನು ರೆಸಾರ್ಟಿಗೆ ಒಯ್ಯುವ ಅಗತ್ಯ ಬೀಳದು, ನಿಜ. ಹುಡುಗನನ್ನು ಒಯ್ಯುತ್ತಾರೆ. ಸರ್ಕಲ್ಲಿನಲ್ಲಿ ಅವನ ಹುಟ್ಟುಹಬ್ಬದ ಫ್ಲೆಕ್ಸ್ ಏಳುತ್ತದೆ. ಅವನಪ್ಪನಿಗೆ ನಿಗಮ, ಚಿಕ್ಕಪ್ಪನಿಗೆ ಮಂಡಳಿ. ಹಾಗಾದರೆ ಹುಡುಗನನ್ನು ಆರಿಸುವವರು ಯಾರು? ಚೀಟಿಯಿಂದಲೇ ಎಂದರೆ ಆ ಚೀಟಿ ಎತ್ತಲು ಇನ್ನೊಬ್ಬ ಹುಡುಗ, ಅವನಿಗೆ ಮತ್ತೊಬ್ಬ. ಇದನ್ನೇ ತಾರ್ಕಿಕರು ಅನವಸ್ಥಾದೋಷ ಎನ್ನುವುದು.

ವೆನಿಸ್‌ನವರು ಈ ದೋಷಕ್ಕೆ ಪರಿಹಾರ ಕಂಡುಕೊಂಡಿದ್ದರು. 1268ರಿಂದ ತಮ್ಮ ಡೋಜ್, ಅಂದರೆ ಊರ ದೊರೆಯನ್ನು ಆರಿಸಲು ಅವರು ಚೀಟಿಯನ್ನೂ ಮತವನ್ನೂ ಕಲಸಿದರು: 30 ಮಂದಿ, ಅದರಲ್ಲಿ 9, ಅವರು ಆರಿಸಿದ 40, ಅದರಲ್ಲಿ 12, ಹೀಗೆ ಹತ್ತಿ ಇಳಿದು ಕೊನೆಗೆ 41 ಮಂದಿ. ಚೀಟಿಯ ಬದಲು ಗುಂಡು ಎತ್ತುವ ಹುಡುಗನಿಗೆ ಮಾತ್ರ ಸರಳ ಉಪಾಯ. ಸಭೆಯ ಕಿರಿಯ ಸದಸ್ಯ ಸಂತ ಮಾರ್ಕನ ಗುಡಿಗೆ ಹೋಗಿ, ಕೈಮುಗಿದು ಹೊರಬಂದು, ಮೊದಲು ಎದುರಾದ ಹುಡುಗನನ್ನು ಕರೆತರುತ್ತಿದ್ದ.

ಇದು ಬೆಂಗಳೂರಿಗೂ ಒಗ್ಗುತ್ತದೆಂದು ಸಿದ್ಧಾಂತ. ಕಿರಿಯ ಶಾಸಕರು ಮುಂಜಾನೆ ಗಣೇಶನ ಗುಡಿಯಿಂದ ಹೊರಬರಲಿ. ಹಿಂದಿನ ರಾತ್ರಿಯೇ ಗುಡಿಯ ಮುಂದೆ ಹುಡುಗರು ನಿಂತಿರುತ್ತಾರೆ, ತಲೆ ಬಾಚಿಸಿಕೊಂಡು, ಆಕಸ್ಮಿಕವಾಗಿ ಎದುರಾಗಲು ಸಿದ್ಧರಾಗಿ. ನೂಕುನುಗ್ಗಲಿಗೆ ಪೊಲೀಸರು, ಸಾಲಿಗೆ ಟೋಕನ್, ಟೋಕನ್ನಿಗೆ ಶಾಸಕರ ಶಿಫಾರಸು ಪತ್ರ.