ಕುಲಪತಿಗಳು ಒಗ್ಗರಣೆ ಹಾಕುತ್ತಿದ್ದಾರೆ, ಕ್ಯಾಮೆರಾ ಆನ್!

ಮಹಿಳಾ ಕುಲಪತಿಯೊಬ್ಬರ ಮೇಲೆ ಸಾಕ್ಷ್ಯಚಿತ್ರ ತೆಗೆಯಲು ಹೊರಟ ನಿರ್ದೇಶಕ ಮಹಾಶಯರೇ, ಮೊದಲ ಶಾಟ್ ಎಲ್ಲಿಡಬೇಕೆಂದು ತಲೆ ಕೆಡಿಸಿಕೊಳ್ಳಬೇಡಿ. ಅಡುಗೆಮನೆಯಲ್ಲೇ ಇಡಿ. ಮೇಡಂ ಒಗ್ಗರಣೆ ಹಾಕಲಿ, ಸಾಸಿವೆ ಸಿಡಿಯುವುದು ಕ್ಲೋಸಪ್‌ನಲ್ಲಿ ಬರಲಿ. ಆಮೇಲೆ ದೇವರ ದೀಪ, ಮೊಮ್ಮಗು, ರೇಷ್ಮೆ ಸೀರೆ, ಹಿನ್ನೆಲೆಗೆ ವೀಣೆ. ‘ಮನೆ, ಕಚೇರಿ ಎರಡನ್ನೂ ಹೇಗೆ ನಿಭಾಯಿಸ್ತೀರಿ ಮೇಡಂ?’ ಎಂದು ಕೇಳಲು ಮರೆಯಬೇಡಿ. ಹಿಂದಿನ ಕುಲಪತಿ ಸಾಹೇಬರನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವರ ಮನೆಯಲ್ಲಿ ಸಾರು ತಾನಾಗಿಯೇ ಕುದಿಯುತ್ತಿತ್ತೆಂದು ಕಾಣುತ್ತದೆ.

ಸಿಂಡಿಕೇಟ್ ಸಭೆಗೆ ಮಾತ್ರ ಕ್ಯಾಮೆರಾ ಒಯ್ಯಬೇಡಿ. ಅಲ್ಲಿ ಮೇಡಂ ಹೊಸ ಕಟ್ಟಡದ ಬಿಲ್ಲಿನ ಲೆಕ್ಕ ಕೇಳುತ್ತಿರುತ್ತಾರೆ. ಶಾಸಕರ ಶಿಫಾರಸು ಪತ್ರವನ್ನು ಪಕ್ಕಕ್ಕೆ ಸರಿಸುತ್ತಾರೆ. ಅತಿಥಿ ಉಪನ್ಯಾಸಕರ ಬಾಕಿ ಸಂಬಳಕ್ಕಾಗಿ ಹಣಕಾಸು ಅಧಿಕಾರಿಯ ಜೊತೆ ಜಗ್ಗಾಡುತ್ತಾರೆ. ಇದನ್ನೇ ಗಂಡಸು ಮಾಡಿದರೆ ‘ಖಡಕ್ ಆಡಳಿತಗಾರ’, ಹೆಂಗಸು ಮಾಡಿದರೆ ‘ಮೇಡಂಗೆ ಸ್ವಲ್ಪ ಸಿಡುಕು’. ಇಂಥದ್ದೆಲ್ಲ ತೋರಿಸಿದರೆ ಪ್ರೇಕ್ಷಕರ ಸ್ಫೂರ್ತಿ ಕೆಟ್ಟುಹೋದೀತು.

ಇತಿಹಾಸಕ್ಕೆ ಒಂದು ನಿಮಿಷ ಸಾಕು, ಹೇಳಲು ಹೆಚ್ಚು ಹೆಸರುಗಳೇ ಇಲ್ಲ. 1949ರಲ್ಲಿ ಹಂಸಾ ಮೆಹ್ತಾ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಕುಲಪತಿಯಾದರು. ಗಂಡು ಹೆಣ್ಣು ಒಟ್ಟಿಗೆ ಓದುವ ವಿಶ್ವವಿದ್ಯಾಲಯಕ್ಕೆ ದೇಶದಲ್ಲೇ ಮೊದಲ ಮಹಿಳಾ ಕುಲಪತಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿದ್ದ ‘ಎಲ್ಲ ಪುರುಷರೂ’ ಎಂಬುದನ್ನು ‘ಎಲ್ಲ ಮನುಷ್ಯರೂ’ ಎಂದು ತಿದ್ದಿಸಿದವರೂ ಅವರೇ. ನಮ್ಮ ಶೋಧನಾ ಸಮಿತಿಗಳ ಕೈಗೆ ಆ ತಿದ್ದುಪಡಿಯ ಪ್ರತಿ ಇನ್ನೂ ತಲುಪಿದಂತಿಲ್ಲ.

ಮೈಸೂರಿನವರು ಮೊದಲೇ ಅವಸರದವರಲ್ಲ. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಸೆಲ್ವಿ ದಾಸ್ ಕುಲಪತಿಯಾಗಿ ಬಂದದ್ದು 1988ರಲ್ಲಿ. ಅಲಿಗಢದವರು ಇನ್ನೂ ನಿಧಾನಸ್ಥರು. 1920ರಲ್ಲಿ ಭೋಪಾಲದ ಬೇಗಂ ಸುಲ್ತಾನ್ ಜಹಾನರನ್ನೇ ಮೊದಲ ಕುಲಾಧಿಪತಿಯಾಗಿ ಕೂರಿಸಿದರು ನಿಜ. ಆದರೆ ಕುಲಪತಿಯ ಕುರ್ಚಿಗೆ ಮಹಿಳೆ ಬಂದದ್ದು 2024ರಲ್ಲಿ. ಗೌರವದ ಪೀಠ ಮೊದಲ ದಿನವೇ ಸಿಕ್ಕಿತು, ಕಡತಕ್ಕೆ ಸಹಿ ಹಾಕುವ ಪೀಠಕ್ಕೆ 104 ವರ್ಷ ಹಿಡಿಯಿತು. (ಕಡತ ನಿಧಾನವಾಗಿ ಚಲಿಸುತ್ತದೆ ಎಂದು ಗೊಣಗುವವರು ಇದನ್ನು ಗಮನಿಸಬೇಕು.)

ಪೋಸ್ಟರ್ ಮೇಲೆ ‘ಅಪರೂಪದ ಚಿತ್ರ’ ಎಂದು ದಪ್ಪಕ್ಷರದಲ್ಲಿ ಹಾಕಿಸಿ, ಯಾರೂ ತಕರಾರು ತೆಗೆಯುವುದಿಲ್ಲ. ಇದು ಓಡಿದರೆ ಮುಂದಿನದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕಿಯರ ಮೇಲೆ ಮಾಡುವ ಯೋಚನೆ ಇದೆಯೇ? ರೀಲು ಸ್ವಲ್ಪವೇ ಖರೀದಿಸಿ. 1909ರಲ್ಲಿ ಶುರುವಾದ ಆ ಸಂಸ್ಥೆಯಲ್ಲಿ ಮೊದಲ ನೂರು ವರ್ಷ ಆ ಹುದ್ದೆಗೆ ಒಬ್ಬ ಮಹಿಳೆಯೂ ಬಂದಿಲ್ಲ.